ಮಂದಿರದಿಂದ ಮಸೀದಿಯವರೆಗೆ: ಅಹಮದಾಬಾದಿನ ಪಾರಂಪರಿಕ ನಡಿಗೆ

ಹಳೆಯ ನಗರವೊಂದರ ಕೇರಿ, ಓಣಿಗಳನ್ನು ಆ ಊರನ್ನು ಬಲ್ಲವರ ಜೊತೆಯಲ್ಲಿ ಕಾಲ್ನಡಿಗೆಯಲ್ಲೇ ಸುತ್ತಿ, ಅಲ್ಲಿನ ಕಟ್ಟಡ, ಕಸುಬು ಮತ್ತು ಜನಜೀವನವನ್ನು ಒಟ್ಟಾಗಿ ಅರಿಯುವ ಕ್ರಮಕ್ಕೆ 'ಹೆರಿಟೇಜ್ ವಾಕ್' ಅಥವಾ ಪಾರಂಪರಿಕ ನಡಿಗೆ ಎಂಬ ಹೆಸರು ಬಳಕೆಯಲ್ಲಿದೆ. ಬೆಂಗಳೂರಿನ ಪೇಟೆ ಪ್ರದೇಶವೂ ಸೇರಿದಂತೆ ದೇಶದ ಅನೇಕ ನಗರಗಳಲ್ಲಿ ಇಂಥ ನಡಿಗೆಗಳು ನಡೆಯುತ್ತವೆ. ಬಹುಪಾಲು ಅವುಗಳ ಹಿಂದೆ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್‌ನಂಥ ಸಂಸ್ಥೆಗಳೋ ಖಾಸಗಿ ತಂಡಗಳೋ ಇರುತ್ತವೆ. ಗುಜರಾತಿನ ಅಹಮದಾಬಾದಿನಲ್ಲಾದರೆ ಈ ಕೆಲಸವನ್ನು ಕೈಗೆತ್ತಿಕೊಂಡದ್ದು ಸ್ವತಃ ಮಹಾನಗರಪಾಲಿಕೆ. ಕಸ ವಿಲೇವಾರಿ ಮಾಡುವ, ನೀರು ಬಿಡುವ, ಮನೆಗಂದಾಯ ವಸೂಲು ಮಾಡುವ ಸ್ಥಳೀಯ ಆಡಳಿತವೊಂದು 1997ರ ನವೆಂಬರ್ 19ರಂದು, ವಿಶ್ವ ಪರಂಪರೆ ಸಪ್ತಾಹದ ಮೊದಲ ದಿನ, ತನ್ನದೇ ಓಣಿಗಳನ್ನು ಜನರಿಗೆ ತೋರಿಸಲು ಮುಂದಾಯಿತು ಎಂಬುದೇ ಈ ನಡಿಗೆಯನ್ನು ಉಳಿದವುಗಳಿಂದ ಬೇರೆಯಾಗಿಸುತ್ತದೆ.

ಸುಲ್ತಾನ ಒಂದನೆಯ ಅಹಮದ್ ಷಾ 1411ರಲ್ಲಿ ಸಾಬರಮತಿ ನದಿಯ ಪೂರ್ವ ದಂಡೆಯ ಮೇಲೆ ಕಟ್ಟಿಸಿದ ಈ ನಗರ ಇಪ್ಪತ್ತನೆಯ ಶತಮಾನದಲ್ಲಿ ನದಿಯನ್ನು ದಾಟಿ ಪಶ್ಚಿಮಕ್ಕೆ ಬೆಳೆಯಿತು. ಅನುಕೂಲಸ್ಥ ಕುಟುಂಬಗಳು ಒಂದೊಂದಾಗಿ ಹೊಸ ಬಡಾವಣೆಗಳಿಗೆ ಹೋದಂತೆ, ಕೋಟೆಯೊಳಗಿನ ಊರು ಇಕ್ಕಟ್ಟಿನ, ವ್ಯಾಪಾರದ ಗದ್ದಲದ ಪ್ರದೇಶವೆಂದಷ್ಟೇ ಹೆಸರಾಗತೊಡಗಿತು. ಅಲ್ಲಿನ ಕೆತ್ತನೆಯ ಕಂಬ, ತೊಲೆ, ಬಾಗಿಲುಗಳನ್ನು ಕಳಚಿ ಹಳೆಯ ಸಾಮಾನಿನ ವ್ಯಾಪಾರಿಗಳಿಗೆ ಮಾರುವುದೂ ನಡೆದೇ ಇತ್ತು. ಇಂಥ ಸ್ಥಿತಿಯಲ್ಲಿ ಪಾಲಿಕೆ 1996ರಲ್ಲಿ ಪರಂಪರೆಗೆಂದೇ ಪ್ರತ್ಯೇಕ ವಿಭಾಗವೊಂದನ್ನು ತೆರೆದು, ಕ್ರುಟಾ ಪ್ರತಿಷ್ಠಾನ ಎಂಬ ಸಂಸ್ಥೆಯ ಜೊತೆಗೂಡಿ, ವಾಸ್ತುಶಿಲ್ಪಿ ದೇಬಾಶಿಶ್ ನಾಯಕ್ ಅವರ ಮಾರ್ಗದರ್ಶನದಲ್ಲಿ ಈ ನಡಿಗೆಯನ್ನು ರೂಪಿಸಿತು. ಯಾವ ಕಟ್ಟಡವನ್ನೂ ಕೊಳ್ಳದೆ, ಯಾವ ವಸ್ತುಸಂಗ್ರಹಾಲಯವನ್ನೂ ಕಟ್ಟದೆ, ಇದ್ದ ಊರನ್ನು ಇದ್ದಂತೆಯೇ ಕ್ರಮವಾಗಿ ನಡೆದು ನೋಡುವುದರಿಂದಲೇ ಸಂರಕ್ಷಣೆಯನ್ನು ಆರಂಭಿಸಬಹುದೆಂಬ ನಂಬಿಕೆ ಈ ಯೋಜನೆಯ ಬುಡದಲ್ಲಿತ್ತು.

ಈ ನಡಿಗೆಯ ಜೀವಾಳ 'ಪೋಳ'. ಒಂದೇ ಜಾತಿ, ಕಸುಬು ಅಥವಾ ಧರ್ಮದ ಕುಟುಂಬಗಳು ಒತ್ತೊತ್ತಾಗಿ ಮನೆ ಕಟ್ಟಿಕೊಂಡು, ಸಾಮಾನ್ಯವಾಗಿ ಒಂದೇ ಹೆಬ್ಬಾಗಿಲಿನಿಂದ ಹೋಗಿಬರುವಂತೆ ಮಾಡಿಕೊಂಡ ಕೇರಿಗೆ ಗುಜರಾತಿಯಲ್ಲಿ ಪೋಳ ಎನ್ನುತ್ತಾರೆ. ಹಳೆಯ ನಗರದಲ್ಲಿ ಇಂಥವು ಸುಮಾರು 600 ಇವೆ. ರಾತ್ರಿ ಮುಚ್ಚಿಕೊಳ್ಳುತ್ತಿದ್ದ ಈ ಹೆಬ್ಬಾಗಿಲಿನ ಮೇಲೆ ಕಾವಲುಗಾರನಿಗೊಂದು ಕೋಣೆ, ಪಕ್ಕದ ಗೋಡೆಯಲ್ಲಿ ಸಾವು, ಸಭೆ, ಉತ್ಸವಗಳ ಸುದ್ದಿಯನ್ನು ಸೀಮೆಸುಣ್ಣದಲ್ಲಿ ಬರೆಯುವ ಕರಿಹಲಗೆ, ಒಳಗೆ ಕೇರಿಯವರೆಲ್ಲರಿಗೂ ಸೇರಿದ ಗುಡಿ ಮತ್ತು ಬಾವಿ ಇರುವುದು ವಾಡಿಕೆ. ಹೊರಗಿನವರಿಗೆ ಕಾಣದಂತೆ ಒಂದು ಪೋಳದಿಂದ ಇನ್ನೊಂದಕ್ಕೆ ನುಸುಳಿ ಹೋಗುವ ದಾರಿಗಳೂ ಕೆಲವೆಡೆ ಇದ್ದು, ಗಲಭೆಯ ಕಾಲದಲ್ಲಿ ಅವು ಪಾರಾಗುವ ಮಾರ್ಗಗಳಾಗಿದ್ದವು. ವಾಹನದಲ್ಲಿ ಹೋಗುವವರಿಗೆ ಇವುಗಳಲ್ಲಿ ಒಂದೂ ಗೋಚರಿಸುವುದಿಲ್ಲ, ಏಕೆಂದರೆ ಓಣಿಗಳ ಅಗಲ, ತಿರುವು ಮತ್ತು ನೆರಳುಗಳೆಲ್ಲ ನಡೆಯುವ ಮನುಷ್ಯನ ಅಳತೆಗೇ ಹೊಂದಿಕೊಂಡಿವೆ. ನಡಿಗೆಯನ್ನು ಬೆಳಗಿನ ಎಂಟರ ಸುಮಾರಿಗೆ ಆರಂಭಿಸುವುದರಲ್ಲಿಯೂ ಅರ್ಥವಿದೆ. ಅಂಗಡಿಗಳು ತೆರೆದು ಸ್ಕೂಟರುಗಳು ಓಣಿಯನ್ನು ತುಂಬುವ ಮೊದಲು ಮನೆಗಳ ಮುಂಭಾಗವನ್ನು ನಿಂತು ನೋಡುವುದಕ್ಕೆ ಅದೇ ತಕ್ಕ ಹೊತ್ತು.

ಆರಂಭದ ತಾಣ ಕಾಲುಪುರದ ಸ್ವಾಮಿನಾರಾಯಣ ಮಂದಿರ. 1822ರಲ್ಲಿ ಪ್ರತಿಷ್ಠಾಪನೆಗೊಂಡ ಇದು ಆ ಸಂಪ್ರದಾಯದ ಮೊತ್ತಮೊದಲ ಮಂದಿರವಾಗಿದ್ದು, ಬರ್ಮಾ ತೇಗದಲ್ಲಿ ಕಡೆದು ಬಣ್ಣ ಬಳಿದ ಇಲ್ಲಿನ ಕಂಬ, ಕಮಾನುಗಳು ಮುಂದೆ ಓಣಿ ಓಣಿಯಲ್ಲೂ ಎದುರಾಗಲಿರುವ ಮರಗೆಲಸವನ್ನು ಮೊದಲೇ ಪರಿಚಯಿಸುತ್ತವೆ. ಅಲ್ಲಿಂದ ಹೊರಟವರು ಲಂಬೇಶ್ವರನಿ ಪೋಳದಲ್ಲಿ ಕವಿ ದಲಪತರಾಮ್ ಅವರ ಮನೆಯಿದ್ದ ಜಾಗಕ್ಕೆ ಬರುತ್ತಾರೆ. ಆಧುನಿಕ ಗುಜರಾತಿ ಕಾವ್ಯದ ಆರಂಭಕಾರರಲ್ಲಿ ಒಬ್ಬರಾದ ದಲಪತರಾಮ್ (1820–1898) ವಾಸವಿದ್ದ ಮನೆ ಉಳಿದಿಲ್ಲ. ಅದರ ಮುಂಭಾಗವನ್ನಷ್ಟೇ ಮರುರೂಪಿಸಿ, ಜಗಲಿಯ ಮೇಲೆ ಕವಿಯ ಆಳೆತ್ತರದ ಕಂಚಿನ ಪ್ರತಿಮೆಯನ್ನು ಕುಳಿತ ಭಂಗಿಯಲ್ಲಿ ಇರಿಸಲಾಗಿದೆ. ಎತ್ತರದ ಪೀಠವಾಗಲಿ ಸುತ್ತ ಕಬ್ಬಿಣದ ಬೇಲಿಯಾಗಲಿ ಇಲ್ಲದೆ, ದಾರಿಹೋಕರ ಕಣ್ಣಿನ ಮಟ್ಟದಲ್ಲಿಯೇ ಇರುವ ಈ ಪ್ರತಿಮೆ, ಸಾಹಿತಿಯೊಬ್ಬರ ಸ್ಮಾರಕ ಹೇಗಿರಬೇಕು ಎಂಬುದಕ್ಕೆ ಭಾರತದ ಎಲ್ಲ ನಗರಗಳೂ ಗಮನಿಸಬೇಕಾದ ಮಾದರಿ. 'ಓಟ್ಲೊ' ಎಂದು ಕರೆಯಲಾಗುವ ಈ ಜಗಲಿ ಪೋಳದ ಪ್ರತಿ ಮನೆಗೂ ಇದ್ದು, ತರಕಾರಿ ಹೆಚ್ಚುವುದು, ಮಕ್ಕಳನ್ನು ಆಡಿಸುವುದು, ನೆರೆಯವರೊಂದಿಗೆ ಮಾತಾಡುವುದು ಎಲ್ಲವೂ ಅಲ್ಲಿಯೇ ನಡೆಯುವುದರಿಂದ, ಅದನ್ನು ಮನೆಯ ಭಾಗವೆಂದೂ ಓಣಿಯ ಭಾಗವೆಂದೂ ಹೇಳಬಹುದು.

ಪೋಳದ ಮನೆಯ ರಚನೆ ಕನ್ನಡ ನಾಡಿನ ತೊಟ್ಟಿಮನೆಯನ್ನು ಬಲ್ಲವರಿಗೆ ಅಪರಿಚಿತವೆನಿಸುವುದಿಲ್ಲ. ಕಿರಿದಾದ ಮುಂಭಾಗವನ್ನು ದಾಟಿದರೆ ಆಕಾಶಕ್ಕೆ ತೆರೆದ ಅಂಗಳ, ಅದರ ಸುತ್ತ ಕೋಣೆಗಳು, ಅಂಗಳದ ನೆಲದಡಿಯಲ್ಲಿ 'ಟಾಂಕಾ' ಎಂಬ ಸುಣ್ಣದ ಗಾರೆಯ ನೀರತೊಟ್ಟಿ ಇರುತ್ತವೆ. ಚಾವಣಿಯ ಮೇಲೆ ಬಿದ್ದ ಮಳೆನೀರು ಕೊಳವೆಯ ಮೂಲಕ ಈ ತೊಟ್ಟಿಗೆ ಇಳಿದು, ಬಿಸಿಲು ಗಾಳಿ ಸೋಕದ ಕತ್ತಲಲ್ಲಿ ಕೆಡದೆ ಉಳಿದು, ವರ್ಷದುದ್ದಕ್ಕೂ ಕುಡಿಯಲು ಒದಗುತ್ತಿತ್ತು. ನೆಲದ ಕಲ್ಲುಹಾಸಿನ ನಡುವೆ ಬಿಂದಿಗೆ ಇಳಿಯುವಷ್ಟು ಅಗಲದ, ಮುಚ್ಚಳವಿರುವ ಬಾಯಿಯನ್ನು ಬಿಟ್ಟರೆ ಅದರ ಬೇರೆ ಗುರುತು ಮೇಲೆ ಕಾಣುವುದಿಲ್ಲ. ಇಟ್ಟಿಗೆಯ ಗೋಡೆಗಳ ನಡುನಡುವೆ ಮರದ ತೊಲೆಗಳನ್ನು ಅಡ್ಡಲಾಗಿ ಹೂಡಿ ಇಡೀ ಮನೆಯನ್ನು ಬಿಗಿದಿರುವುದರಿಂದ, ನೆಲ ನಡುಗಿದಾಗ ಗೋಡೆ ಒಮ್ಮೆಗೇ ಬಿರಿಯದೆ ಕೊಂಚ ಬಳುಕಿ ನಿಲ್ಲುತ್ತದೆ. 2001ರ ಜನವರಿ 26ರ ಭೂಕಂಪದಲ್ಲಿ ಅಹಮದಾಬಾದಿನ ಹೊಸ ಭಾಗದ ಬಹುಮಹಡಿ ಕಾಂಕ್ರೀಟ್ ಕಟ್ಟಡಗಳು ಕುಸಿದು ಸಾವುನೋವು ಸಂಭವಿಸಿದಾಗ, ಸುಸ್ಥಿತಿಯಲ್ಲಿದ್ದ ಎಷ್ಟೋ ಹಳೆಯ ಮನೆಗಳು ನಿಂತೇ ಇದ್ದವು. ಕೆತ್ತನೆಯ ಚೆಲುವನ್ನಷ್ಟೇ ಹೊಗಳಿ ಮುಂದೆ ಸಾಗದೆ ಈ ಕಟ್ಟುವ ಜಾಣ್ಮೆಯನ್ನೂ ಬಿಡಿಸಿ ತೋರಿಸಬಲ್ಲವನೇ ನಿಜವಾದ ಮಾರ್ಗದರ್ಶಿ.

ದಾರಿಯುದ್ದಕ್ಕೂ ಸಿಗುವ ಇತರ ತಾಣಗಳು ಹಲವು. ಹಕ್ಕಿಗಳಿಗೆ ಕಾಳು ಹಾಕಲು ಕಂಬದ ಮೇಲೆ ಪುಟ್ಟ ಮಂಟಪದಂತೆ ಕಟ್ಟಿದ 'ಚಬೂತ್ರೊ', ಶ್ರೀರಾಮನ ಕಪ್ಪು ಶಿಲೆಯ ಮೂರ್ತಿ ಕುಳಿತ ಭಂಗಿಯಲ್ಲಿರುವ ಕಾಲಾ ರಾಮ್‌ಜಿ ಮಂದಿರ, ಬಾವಿಯ ಸುತ್ತ ಬೇರೆ ಬೇರೆ ಶೈಲಿಯ ಮನೆಗಳು ಎದುರುಬದುರಾಗಿ ನಿಂತ ಕುವಾವಾಳೊ ಖಾಂಚೊ, ಜೈನ ಬಸದಿಗಳು ಒಂದರ ಬೆನ್ನಿಗೊಂದು ಬರುತ್ತವೆ. ಇವುಗಳ ನಡುವೆ ಹರಕುಂವರ್ ಶೇಠಾಣಿಯ ಹವೇಲಿ ಹೆಚ್ಚಿನ ಗಮನಕ್ಕೆ ಅರ್ಹವಾದುದು. ಪತಿ ಹಠೀಸಿಂಗ್ ತೀರಿಕೊಂಡ ಮೇಲೆ ನಗರದ ಪ್ರಸಿದ್ಧ ಹಠೀಸಿಂಗ್ ಬಸದಿಯ ನಿರ್ಮಾಣವನ್ನು 1848ರಲ್ಲಿ ಪೂರ್ಣಗೊಳಿಸಿದ ಈ ಮಹಿಳೆ ಹುಡುಗಿಯರ ಶಿಕ್ಷಣಕ್ಕೂ ನೆರವಾದರು. ಮುಂದಕ್ಕೆ ಚಾಚಿದ ಮೇಲಂತಸ್ತನ್ನು ಹೊತ್ತು ನಿಂತಿರುವ ಅವರ ಮನೆಯ ಭಾರಿ ಮರದ ಬೋದಿಗೆಗಳಲ್ಲಿ ಚೀನೀ ಕೆತ್ತನೆಯ ಛಾಯೆ ಕಾಣುತ್ತದೆ.

ಕೊನೆಯ ಹಂತ ಮಾಣೆಕ್ ಚೌಕದ ಸುತ್ತಮುತ್ತ. ಹಗಲು ಚಿನ್ನ-ಬೆಳ್ಳಿಯ ಪೇಟೆಯಾಗಿ, ರಾತ್ರಿ ತಿಂಡಿಬೀದಿಯಾಗಿ ಬದಲಾಗುವ ಈ ಚೌಕದ ಬಳಿ 1894ರಲ್ಲಿ ಸ್ಥಾಪನೆಯಾದ ಷೇರು ವಿನಿಮಯ ಕೇಂದ್ರದ ಹಳೆಯ ಕಟ್ಟಡ, ಸುಲ್ತಾನನ ರಾಣಿಯರ ಸಮಾಧಿಯಾದ ರಾಣಿನೊ ಹಜೀರೊ ಮತ್ತು ಅದನ್ನು ಸುತ್ತುವರಿದ ಬಟ್ಟೆ ಅಂಗಡಿಗಳಿವೆ. ಸುಮಾರು ಎರಡೂವರೆ ಗಂಟೆಯ ನಡಿಗೆ 1424ರಲ್ಲಿ ಮುಗಿದ ಜಾಮಾ ಮಸೀದಿಯಲ್ಲಿ ಕೊನೆಗೊಳ್ಳುತ್ತದೆ. ಇಲ್ಲಿನ ಸುಮಾರು 260 ಕಂಬಗಳಲ್ಲಿ ಗುಜರಾತಿನ ದೇವಾಲಯ, ಬಸದಿಗಳನ್ನು ಕಟ್ಟಿದ ಶಿಲ್ಪಪರಂಪರೆಯ ಕೈವಾಡ ಸ್ಪಷ್ಟವಾಗಿದೆ. 1819ರ ಕಚ್ಛ್ ಭೂಕಂಪದಲ್ಲಿ ಮಿನಾರುಗಳ ಮೇಲ್ಭಾಗ ಉರುಳಿ, ಬುಡವಷ್ಟೇ ಉಳಿದಿದೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಮಾರ್ಗ ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಆರಂಭವಾಗಿ ಸುಲ್ತಾನರ ಕಾಲದಲ್ಲಿ ಮುಗಿಯುತ್ತದೆ, ಅಂದರೆ ಇತಿಹಾಸವನ್ನು ಹಿಮ್ಮುಖವಾಗಿ ತೋರಿಸುತ್ತದೆ. ಪಠ್ಯಪುಸ್ತಕದ ಅನುಕ್ರಮದಲ್ಲಿ ಸ್ಥಾಪಕ ಸುಲ್ತಾನನಿಂದ ಹೊರಟಿದ್ದರೆ ಪೋಳಗಳು ಅವನ ಕಥೆಯ ಅಡಿಟಿಪ್ಪಣಿಗಳಂತೆ ತೋರುವ ಅಪಾಯವಿತ್ತು; ಜನ ಇಂದಿಗೂ ಬದುಕುತ್ತಿರುವ ಮನೆಗಳನ್ನು ಮೊದಲು ಕಂಡು ಆಮೇಲೆ ಮಸೀದಿಯ ಅಂಗಳಕ್ಕೆ ಬಂದವರಿಗೆ, ಜೈನ ವರ್ತಕರು, ಹಿಂದೂ ಶಿಲ್ಪಿಗಳು ಮತ್ತು ಮುಸಲ್ಮಾನ ಅರಸರು ಸೇರಿ ಕಟ್ಟಿದ ಒಂದೇ ಊರಿನ ಭಾಗವಾಗಿ ಅದು ಕಾಣುತ್ತದೆ. ಕೋಮು ಗಲಭೆಗಳ ಕಹಿಯನ್ನು ಪದೇ ಪದೇ ಉಂಡ ನಗರದಲ್ಲಿ ಮಂದಿರದಿಂದ ಮಸೀದಿಗೆ ಹೋಗುವ ಹಾದಿಯನ್ನು ಆಡಳಿತವೇ ಆರಿಸಿಕೊಂಡದ್ದು ಸಣ್ಣ ಮಾತಲ್ಲ.

ಈ ನಡಿಗೆಯ ಪರಿಣಾಮ ಪ್ರವಾಸಿಗರಿಗಿಂತ ಹೆಚ್ಚಾಗಿ ನಿವಾಸಿಗಳ ಮೇಲೆ ಆಯಿತು. ಹೊರಗಿನವರು ದಿನವೂ ಬಂದು ತಮ್ಮ ಬಾಗಿಲ ಚೌಕಟ್ಟನ್ನು ಕತ್ತೆತ್ತಿ ನೋಡುವುದನ್ನು ಕಂಡವರಲ್ಲಿ ಕೆಲವರು ಮನೆಗಳನ್ನು ದುರಸ್ತಿ ಮಾಡಿಸಿದರು, ಇನ್ನು ಕೆಲವರು ಅತಿಥಿಗೃಹಗಳನ್ನಾಗಿ ಮಾರ್ಪಡಿಸಿದರು. ಪಾಲಿಕೆ 2,200ಕ್ಕೂ ಹೆಚ್ಚು ವಾಸದ ಮನೆಗಳನ್ನು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿತು. 2017ರ ಜುಲೈನಲ್ಲಿ ಯುನೆಸ್ಕೊ ಹಳೆಯ ಅಹಮದಾಬಾದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಇಡೀ ನಗರವಾಗಿ ಆ ಮನ್ನಣೆ ಪಡೆದ ಭಾರತದ ಮೊದಲ ಊರು ಅದಾಯಿತು.

ಆದರೂ ಪಟ್ಟಿಯಲ್ಲಿರುವ ಮನೆಗಳೆಲ್ಲ ಉಳಿಯುತ್ತವೆಂಬ ಖಾತರಿಯಿಲ್ಲ. ಒಂದೊಂದು ಮನೆಗೂ ಹಲವು ಹಕ್ಕುದಾರರು, ನಾಮಮಾತ್ರದ ಬಾಡಿಗೆಗೆ ತಲೆಮಾರುಗಳಿಂದ ಇರುವ ಬಾಡಿಗೆದಾರರು, ಗೋದಾಮಿಗೆ ಜಾಗ ಹುಡುಕುವ ವರ್ತಕರು ಇರುವಲ್ಲಿ ದುರಸ್ತಿಯ ವೆಚ್ಚ ಹೊರುವವರು ಯಾರೆಂಬುದು ಬಗೆಹರಿಯದ ಪ್ರಶ್ನೆ. ಹಳೆಯ ಮನೆಯನ್ನು ಕೆಡವದೆ ಉಳಿಸಿಕೊಂಡವರು ತಮಗೆ ದಕ್ಕಬೇಕಾದ ಹೆಚ್ಚುವರಿ ಕಟ್ಟಡದ ಹಕ್ಕನ್ನು ನಗರದ ಬೇರೆ ಕಡೆ ಕಟ್ಟುವವರಿಗೆ ಮಾರಬಹುದೆಂಬ ವ್ಯವಸ್ಥೆಯನ್ನು, ಅಂದರೆ ಟಿಡಿಆರ್ ಅನ್ನು, ಪಾಲಿಕೆ ಜಾರಿಗೆ ತಂದಿದೆ. ಅದರ ಹಣ ದುರಸ್ತಿಗೇ ಸಲ್ಲುವಂತೆ ನೋಡಿಕೊಳ್ಳುವುದು, ಹಳೆಯ ಮರಗೆಲಸ ಬಲ್ಲ ಬಡಗಿಗಳಿಗೆ ಆ ಮನೆಗಳಲ್ಲಿಯೇ ಕೆಲಸ ಸಿಗುವಂತೆ ಮಾಡುವುದು, ಹೆಂಚು ಬದಲಿಸಲು ಬಂದ ಮನೆಯೊಡೆಯನನ್ನು ಅನುಮತಿಗಾಗಿ ತಿಂಗಳುಗಟ್ಟಲೆ ಅಲೆಸದಿರುವುದು, ಬೆಳಿಗ್ಗೆ ಅದೇ ಓಣಿಗಳಲ್ಲಿ ಜನರನ್ನು ಕರೆದೊಯ್ಯುವ ಪಾಲಿಕೆಯದೇ ಹೊಣೆ.