ಸುಸ್ತು ಕಳೆಯುವ ಅಗಸ್ತ್ಯಮಲೆಯ ಗಿಡ

‘ಡಾಕ್ಟ್ರೇ, ಬೆಳಿಗ್ಗೆ ಏಳುವಾಗಲೇ ಸುಸ್ತು. ಯಾವುದಾದರೂ ಒಳ್ಳೆಯ ಟಾನಿಕ್ ಬರೆದುಕೊಡಿ.’ ನಿಮ್ಮ ಮನೆಯಲ್ಲೂ ಒಬ್ಬರಾದರೂ ಹೀಗೆ ಕೇಳಿರುತ್ತಾರೆ. ಜೊತೆಗೆ ‘ಗಿಡಮೂಲಿಕೆಯದಾದರೆ ಮೇಲು, ಅದರಿಂದ ತೊಂದರೆಯಿಲ್ಲ’ ಎಂಬ ಮಾತೂ ಇರುತ್ತದೆ. ಅಂಥವರಿಗಾಗಿ ಈ ವಾರ ಒಂದು ಅಪರೂಪದ ಗಿಡದ ಕಥೆ.

ಪಶ್ಚಿಮ ಘಟ್ಟದ ದಕ್ಷಿಣದ ಕೊನೆಯಲ್ಲಿ, ಕೇರಳ-ತಮಿಳುನಾಡು ಗಡಿಯಲ್ಲಿ ಅಗಸ್ತ್ಯಮಲೆ ಇದೆ. ಕಾವೇರಿಯನ್ನು ಕಮಂಡಲುವಿನಲ್ಲಿ ಹಿಡಿದಿಟ್ಟ ಮುನಿಯ ಹೆಸರಿನ ಬೆಟ್ಟ. ಅಲ್ಲಿನ ಕಾಡಿನ ನೆರಳಿನಲ್ಲಿ, ತೊರೆಗಳ ಬದಿಯಲ್ಲಿ ‘ಆರೋಗ್ಯಪಚ್ಚ’ ಬೆಳೆಯುತ್ತದೆ. ಪಚ್ಚ ಎಂದರೆ ನಮ್ಮ ಪಚ್ಚೆಯೇ, ಹಸಿರು. ಗಿಡ ನೆಲ ಬಿಟ್ಟು ಹೆಚ್ಚು ಮೇಲೇಳುವುದಿಲ್ಲ. ಹೃದಯದಾಕಾರದ ಎಲೆ, ಅದರಡಿ ಕಂದು-ನೇರಳೆ ಬಣ್ಣದ ಪುಟ್ಟ ಹೂ. ಬಗ್ಗಿ ನೋಡದಿದ್ದರೆ ಕಣ್ಣಿಗೆ ಬೀಳದು. ಶಾಸ್ತ್ರೀಯ ಹೆಸರು ಟ್ರೈಕೋಪಸ್ ಜೈಲ್ಯಾನಿಕಸ್. ಇದರ ಬಂಧುಗಳು ಶ್ರೀಲಂಕಾದಲ್ಲೂ ಉಂಟು. ಆದರೆ ತಿರುವಾಂಕೂರಿನ ಹೆಸರು ಹೊತ್ತ ಈ ಉಪಜಾತಿಗೆ ಅಗಸ್ತ್ಯಮಲೆಯ ಸೀಮೆಯೇ ತವರು.

1987ರಲ್ಲಿ ಡಾ. ಪಿ. ಪುಷ್ಪಾಂಗದನ್ ನೇತೃತ್ವದ ವಿಜ್ಞಾನಿಗಳ ತಂಡ ಈ ಬೆಟ್ಟ ಹತ್ತುತ್ತಿತ್ತು. ದಾರಿ ತೋರಿಸಲು ಬಂದಿದ್ದ ಕಾಣಿ ಬುಡಕಟ್ಟಿನವರು ನಡುನಡುವೆ ಯಾವುದೋ ಸಣ್ಣ ಹಣ್ಣು ತಿನ್ನುತ್ತಿದ್ದರು. ವಿಜ್ಞಾನಿಗಳಿಗೆ ಕಾಲು ಸೋತಿತ್ತು, ಅವರಿಗೆ ದಣಿವೇ ಇಲ್ಲ. ತಾವೂ ತಿಂದ ವಿಜ್ಞಾನಿಗಳಿಗೆ ಚೈತನ್ಯ ಬಂದಂತೆನಿಸಿತು. ಯಾವ ಗಿಡದ ಹಣ್ಣೆಂದು ಕಾಣಿಗಳು ಸುಲಭಕ್ಕೆ ಹೇಳಲಿಲ್ಲ. ಅದು ಹಿರಿಯರಿಂದ ಬಂದ ಗುಟ್ಟು. ಬಹಳ ಒಲಿಸಿದ ಮೇಲೆ ತೋರಿಸಿದರು.

ಮುಂದೆ ಪಾಲೋಡಿನ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ಇದರ ಎಲೆಗೆ ಅಶ್ವಗಂಧ, ಹಿಪ್ಪಲಿ, ವಿಷ್ಣುಕ್ರಾಂತಿ ಸೇರಿಸಿ ‘ಜೀವನಿ’ ಎಂಬ ಔಷಧ ರೂಪಿಸಿತು. 1995ರಲ್ಲಿ 10 ಲಕ್ಷ ರೂಪಾಯಿ ಶುಲ್ಕ ಮತ್ತು ಶೇ. 2ರಷ್ಟು ರಾಯಧನಕ್ಕೆ ತಯಾರಿಕೆಯ ಪರವಾನಗಿ ನೀಡಿತು. ಮೆಚ್ಚಬೇಕಾದ್ದೆಂದರೆ, ಇದರಲ್ಲಿ ಅರ್ಧ ಪಾಲು ಕಾಣಿಗಳಿಗೆ ಎಂದು ಗೊತ್ತುಮಾಡಿದ್ದು. ಹಣ ಪಡೆಯಲು 1997ರಲ್ಲಿ ಕಾಣಿಗಳದೇ ಟ್ರಸ್ಟ್ ನೋಂದಣಿಯಾಯಿತು. ಕಾಡಿನವರ ತಿಳಿವಳಿಕೆಗೆ ಬೆಲೆ ಕಟ್ಟಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಆದರೆ ಎಲೆಗೆ ಬೆಲೆ ಬಂದಂತೆ ಗಿಡಕ್ಕೆ ಕುತ್ತು ಬಂತು. ಕಾಡಿನಿಂದ ಮನಬಂದಂತೆ ಕಿತ್ತರೆ ಗತಿಯೇನೆಂಬ ಆತಂಕ ಒಂದು ಕಡೆ, ತನ್ನ ನೆಲೆ ಬಿಟ್ಟು ಬೆಳೆಸಿದರೆ ಅದೇ ಗುಣ ಸಿಗದೆಂಬ ತೊಡಕು ಇನ್ನೊಂದು ಕಡೆ. ತುಳಸಿಯಂತೆ ಹಿತ್ತಲಲ್ಲಿ ಬೆಳೆಸೋಣ ಎಂದುಕೊಂಡಿದ್ದರೆ ಆ ಆಸೆ ಬಿಡಿ.

ಈಗ ನಿಮ್ಮ ಸುಸ್ತಿನ ವಿಷಯ. ಈ ಗಿಡ ತಿನ್ನಿಸಿದ ಇಲಿಗಳು ದಣಿಯದೆ ಹೆಚ್ಚು ಹೊತ್ತು ಈಜಿದ್ದು ನಿಜ. ಆದರೆ ಇಲಿ ಈಜಿತೆಂದು ನಿಮ್ಮ ದಣಿವು ಕಳೆಯಬೇಕೆಂದಿಲ್ಲ. ದಿನವಿಡೀ ಬೆಟ್ಟ ಹತ್ತುವ ಆರೋಗ್ಯವಂತನ ದಣಿವೇ ಬೇರೆ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಗೃಹಿಣಿಯ ದಣಿವೇ ಬೇರೆ. ಅವರ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಬೇಕಾದ್ದು ಕಬ್ಬಿಣಾಂಶ, ಮತ್ತು ಅದು ಕಡಿಮೆಯಾದ ಕಾರಣದ ಪತ್ತೆ. ಮುಟ್ಟಿನ ಅತಿಸ್ರಾವವಿರಬಹುದು, ಕೊಕ್ಕೆಹುಳುವಿರಬಹುದು. ಮೈ ಊದಿ ಚಳಿ ತಡೆಯಲಾಗದಿದ್ದರೆ ಥೈರಾಯ್ಡ್, ಪದೇಪದೇ ಬಾಯಾರಿಕೆ, ಮೂತ್ರವಿದ್ದರೆ ಸಕ್ಕರೆ ಕಾಯಿಲೆ ನೋಡಬೇಕು. ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುವ ಯಜಮಾನರಿಗೆ ಬೇಕಾದ್ದು ನಿದ್ರೆಯ ತಪಾಸಣೆ. ಇವನ್ನು ಬಿಟ್ಟು ಬಾಟಲಿಯ ಮೇಲೆ ಬಾಟಲಿ ಟಾನಿಕ್ ಕುಡಿದರೆ ಕಾಯಿಲೆ ಒಳಗೇ ಬೆಳೆಯುತ್ತದೆ.

ಎರಡು ವಾರ ಕಳೆದರೂ ಸುಸ್ತು ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಗರ್ಭಿಣಿಯರಿಗೆ ಅಶ್ವಗಂಧ ಬೇಡ. ಥೈರಾಯ್ಡ್ ಮಾತ್ರೆ ನುಂಗುವವರು ಕೇಳದೆ ಅದನ್ನು ತೆಗೆದುಕೊಳ್ಳಬಾರದು. ಅಪರೂಪಕ್ಕೆ ಯಕೃತ್ತಿಗೂ ಪೆಟ್ಟಾಗಿದೆ. ಆದ್ದರಿಂದ ಮನೆಯಲ್ಲಿ ಯಾವ ಲೇಹ್ಯ, ಯಾವ ಚೂರ್ಣ ತೆಗೆದುಕೊಳ್ಳುತ್ತಿದ್ದರೂ ‘ಅದು ಔಷಧವಲ್ಲ’ ಎಂದು ಮುಚ್ಚಿಡದೆ ಡಬ್ಬಿಯನ್ನೇ ಕೊಂಡೊಯ್ದು ತೋರಿಸಿ.