ನಲ್ವತ್ತು ದಿನದ ಕೈಕೆಲಸ

ಪುತ್ತೂರು, ಸುಳ್ಯ ಮತ್ತು ಈ ಎರಡರ ಹಳ್ಳಿಗಳನ್ನು ಪಡೆದು ತಾಲ್ಲೂಕಾದ ಕಡಬದ ತೋಟದ ಮನೆಗಳಲ್ಲಿ ಬಾಣಂತಿ ಇದ್ದರೆ ನಲ್ವತ್ತು ದಿನ ಬಚ್ಚಲ ಒಲೆ ಆರುತ್ತಿರಲಿಲ್ಲ. ಹಂಡೆಯ ನೀರಿಗೆ ನೆಕ್ಕಿ ಸೊಪ್ಪು, ಮೈಗೆ ಅರಸಿನ, ತೆಂಗಿನೆಣ್ಣೆ. ಮೀಯಿಸಲು ಬಂದ ಹೆಂಗಸು ಬಾಣಂತಿಯ ಸೊಂಟ, ಬೆನ್ನು ತಿಕ್ಕಿ ಬಿಸಿನೀರು ಹೊಯ್ದ ಮೇಲೆ, ಮಗುವನ್ನು ತನ್ನ ನೀಡಿದ ಕಾಲುಗಳ ಮೇಲೋ ಅಡಿಕೆ ಹಾಳೆಯ ಮೇಲೋ ಮಲಗಿಸಿ ಎಣ್ಣೆ ನೀವುತ್ತಿದ್ದಳು. ಈಗ ಹೆರಿಗೆ ಆಸ್ಪತ್ರೆಗೆ ಹೋಗಿದೆ. ಬಾಣಂತನ ಮಾತ್ರ ಬಹುಪಾಲು ಮನೆಯಲ್ಲೇ ಉಳಿದಿದೆ, ಕೆಲವರಿಗೆ ಆಯುರ್ವೇದ ಆಸ್ಪತ್ರೆಯ ಪ್ಯಾಕೇಜ್ ಆಗಿದೆ. ಯಾವ ಎಣ್ಣೆ ಒಳ್ಳೆಯದು, ಯಾವ ಸೊಪ್ಪು ಬೇಕು ಎಂಬ ಚರ್ಚೆ ಎಲ್ಲ ಮನೆಗಳಲ್ಲೂ ನಡೆಯುತ್ತದೆ. ನನಗೆ ಕಾಣುವಂತೆ ಆ ಪದ್ಧತಿಯ ಜೀವ ಎಣ್ಣೆಯಲ್ಲೂ ಇಲ್ಲ, ಸೊಪ್ಪಿನಲ್ಲೂ ಇಲ್ಲ. ಎರಡು ಕೈಗಳನ್ನು ದಿನಾ ಇಷ್ಟು ಹೊತ್ತು ಒಂದು ದೇಹಕ್ಕೇ ಮೀಸಲಿಡಬೇಕು ಎಂಬ ಕಟ್ಟಳೆಯಲ್ಲಿದೆ. ಮುಟ್ಟಿದರೆ ಗುಣವಾಗುತ್ತದೆ ಎಂಬುದಕ್ಕಿಂತ, ಮುಟ್ಟುವುದನ್ನು ಯಾರದಾದರೂ ನಿತ್ಯದ ಕೆಲಸವಾಗಿಸಿದರೆ ಗುಣವಾಗುತ್ತದೆ ಎನ್ನುವುದು ಹೆಚ್ಚು ಸರಿ.

ಆಸ್ಪತ್ರೆಗಳು ಇದನ್ನು ಕಲಿತದ್ದು ಬೇರೆ ದಾರಿಯಲ್ಲಿ, ಅದೂ ಬಡತನದಿಂದ. 1978-79ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಒಂದರಲ್ಲೇ ಹಲವು ಶಿಶುಗಳನ್ನು ಮಲಗಿಸಬೇಕಾಗಿತ್ತು, ಸೋಂಕು ಹರಡುತ್ತಿತ್ತು. ವೈದ್ಯರಾದ ಎಡ್ಗರ್ ರೇ ಸನಾಬ್ರಿಯಾ ಮತ್ತು ಹೆಕ್ಟರ್ ಮಾರ್ಟಿನೆಜ್ ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿದರು. ಕಾಂಗರೂ ಆರೈಕೆ ಹುಟ್ಟಿದ್ದು ಹೀಗೆ. ಬಹುಕಾಲ ಇದನ್ನು ಬಡ ದೇಶಗಳ ಬದಲಿ ವ್ಯವಸ್ಥೆ ಎಂದೇ ನೋಡಲಾಯಿತು. ಮಗುವಿನ ಸ್ಥಿತಿ ಸುಧಾರಿಸಿದ ಮೇಲೆ ಮಾತ್ರ ತಾಯಿಗೆ ಕೊಡುವುದು ರೂಢಿಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಭಾರತವೂ ಸೇರಿ 5 ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಆ ರೂಢಿಯನ್ನು ಮುರಿಯಿತು. 1 ಕಿಲೋದಿಂದ 1.8 ಕಿಲೋದೊಳಗಿನ 3,211 ಶಿಶುಗಳಲ್ಲಿ ಅರ್ಧದಷ್ಟನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೊಪ್ಪಿಸಿದರು. 28 ದಿನಗಳೊಳಗಿನ ಸಾವು ಆ ಗುಂಪಿನಲ್ಲಿ ಶೇ 12, ಇನ್ನೊಂದರಲ್ಲಿ ಶೇ 15.7. ತೀವ್ರ ನಿಗಾ ಘಟಕದಲ್ಲಿದ್ದಾಗ ಮೊದಲ ಗುಂಪಿಗೆ ದಿನಕ್ಕೆ ಸುಮಾರು 17 ಗಂಟೆ ಮೈಸ್ಪರ್ಶ ಸಿಕ್ಕಿತ್ತು, ಎರಡನೆಯದಕ್ಕೆ ಒಂದೂವರೆ ಗಂಟೆ. ಹದಿನೇಳು ಗಂಟೆ ಎಂದರೆ ತಾಯಿ ಬೇರೇನೂ ಮಾಡುವಂತಿಲ್ಲ. ಅವಳಿಗೆ ಮಂಚ, ಊಟ, ಬದಲಿಗೆ ಕೂರಲು ಮನೆಯವರು, ಎಲ್ಲವನ್ನೂ ವಾರ್ಡಿನೊಳಗೇ ಒದಗಿಸಬೇಕು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಈ ಆರೈಕೆಯನ್ನು ವ್ಯಾಪಕವಾಗಿ ಜಾರಿಗೊಳಿಸುವ ಅಧ್ಯಯನ ನಡೆದಾಗಲೂ ಪ್ರಶ್ನೆ ಇದ್ದದ್ದು ಅದು ಫಲ ಕೊಡುತ್ತದೆಯೇ ಎಂದಲ್ಲ, ಆ ಹೊತ್ತನ್ನು ಹೇಗೆ ಹೊಂದಿಸುವುದು ಎಂದು.

ಇದೆಲ್ಲ ಕೈಗುಣದ ಹಳೆಯ ನಂಬಿಕೆಗೆ ವಿಜ್ಞಾನದ ಅಂಗಿ ತೊಡಿಸಿದಂತೆ ಎನ್ನುವವರಿದ್ದಾರೆ. ಅವರ ಅನುಮಾನ ಪೂರ್ತಿ ತಪ್ಪಲ್ಲ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಎಮಿಲಿ ರೋಸಾ ಎಂಬ ಹುಡುಗಿ ತನ್ನ 9ನೇ ವಯಸ್ಸಿನಲ್ಲಿ ಮಾಡಿದ್ದಳು. ಮುಟ್ಟದೆಯೇ ದೇಹದ ಶಕ್ತಿಯನ್ನು ಅಂಗೈಯಿಂದ ಗ್ರಹಿಸುತ್ತೇವೆ ಎನ್ನುತ್ತಿದ್ದ 21 ಮಂದಿಗೆ, ಪರದೆಯಾಚೆ ತನ್ನ ಕೈ ಅವರ ಯಾವ ಕೈಯ ಬಳಿ ಇದೆ ಎಂದು ಹೇಳಲು ಕೇಳಿದಳು. ಸರಿಯಾದ ಉತ್ತರ ಶೇ 44. ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ಮೇಲು. ಅಂಗೈಯಲ್ಲಿ ಅಗೋಚರ ಶಕ್ತಿ ಇಲ್ಲ ಎನ್ನಲು ನನಗೆ ಇಷ್ಟು ಸಾಕು. ಆದರೆ ನಿಜವಾಗಿ ಮುಟ್ಟುವುದರ ಕತೆ ಬೇರೆ. 2024ರಲ್ಲಿ 137 ಅಧ್ಯಯನಗಳನ್ನು ಒಟ್ಟಿಗೆ ಅಳೆದ ಸಂಶೋಧಕರಿಗೆ ನೋವು, ಆತಂಕ, ಖಿನ್ನತೆ ತಗ್ಗಿದ್ದು ಸ್ಪಷ್ಟವಾಗಿ ಕಂಡಿತು. ಒಮ್ಮೆ ತುಂಬ ಹೊತ್ತು ಮುಟ್ಟಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ, ಮತ್ತೆ ಮತ್ತೆ ಮುಟ್ಟಿದ್ದರಿಂದ ಕಂಡಿತು. ನವಜಾತ ಶಿಶುಗಳಿಗೆ ಆಸ್ಪತ್ರೆ ಸಿಬ್ಬಂದಿಗಿಂತ ತಂದೆ ತಾಯಿಯ ಕೈ ಮೇಲು. ನಲ್ವತ್ತು ದಿನ ಬಿಡದೆ ಮೀಯಿಸುವ ಕಟ್ಟಳೆಯನ್ನು ಅವರು ಪರೀಕ್ಷಿಸಿರಲಿಲ್ಲ, ನಿಜ. ಆದರೆ ಆ ಫಲಿತಾಂಶ ವಾಲುವುದು ಈ ಕಡೆಗೇ.

ಹಾಗೆಂದು ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂಬ ಹಾಡನ್ನು ನಾನು ಹಾಡಲಾರೆ. ಶಿಶುವಿನ ಕಿವಿ, ಮೂಗಿಗೆ ಎಣ್ಣೆ ಬಿಡುವುದು, ಅದರ ಮೊಲೆ ಹಿಂಡುವುದು, ಬಾಣಂತಿಗೆ ಕುಡಿಯುವ ನೀರನ್ನೇ ಕಡಿಮೆ ಮಾಡುವುದು ಇದೇ ಪದ್ಧತಿಯ ಒಡಲಲ್ಲಿದ್ದವು. ಮಕ್ಕಳ ವೈದ್ಯರು ಬೇಡವೆನ್ನುವುದು ಸುಮ್ಮನೆ ಅಲ್ಲ. ಅದಕ್ಕಿಂತ ಕೆಟ್ಟದ್ದೂ ಇತ್ತು. ಬಾಣಂತಿಯ ಮೈಯನ್ನು ಇಷ್ಟು ಅಕ್ಕರೆಯಿಂದ ನೀವಿದ ಇದೇ ತುಳುನಾಡಿನಲ್ಲಿ, ರೋಗ ದಾಟಿಹೋಗಲಿ ಎಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗ ಸಮುದಾಯದವರಿಗೆ ತಿನ್ನಿಸುವ ಅಜಲು ಪದ್ಧತಿ ಇತ್ತು. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಯಾರನ್ನು ನಿತ್ಯ ಮುಟ್ಟಬೇಕು, ಯಾರನ್ನು ಮುಟ್ಟಲೇಬಾರದು ಎಂಬ ಎರಡೂ ಕಟ್ಟಳೆಗಳು ಒಂದೇ ಅಂಗಳದಲ್ಲಿದ್ದವು. ಹಾಗಾಗಿ ಉಳಿಸಿಕೊಳ್ಳಬೇಕಾದ್ದು ಪರಂಪರೆಯನ್ನಲ್ಲ, ಅದರೊಳಗಿನ ಒಂದು ಏರ್ಪಾಟನ್ನು.

ಆ ಏರ್ಪಾಟು ಹೊಸ ಅಗತ್ಯಕ್ಕೆ ಹೇಗೆ ಒದಗಬೇಕಾಯಿತು ಎಂಬುದು ಕಡಬ ತಾಲ್ಲೂಕಿನ ಕೊಯಿಲದಲ್ಲಿ ಕಾಣುತ್ತದೆ. ಸರ್ಕಾರಿ ಗೇರು ತೋಪುಗಳ ಮೇಲೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಸುಪ್ರೀಂ ಕೋರ್ಟ್ ಆ ಕೀಟನಾಶಕದ ಬಳಕೆಯನ್ನೇ ತಡೆದದ್ದು 2011ರ ಮೇ ತಿಂಗಳಲ್ಲಿ. ಸುತ್ತಲಿನ ಮನೆಗಳಲ್ಲಿ ಕೈಕಾಲು ಸೆಟೆದ, ಮಾತು ಬಾರದ ಮಕ್ಕಳು ಉಳಿದರು. ಬೆಳ್ತಂಗಡಿಯ ಕೊಕ್ಕಡದಲ್ಲೂ ಕೊಯಿಲದಲ್ಲೂ ಇವರಿಗಾಗಿ ಹಗಲು ಪಾಲನಾ ಕೇಂದ್ರಗಳು ಬಂದವು. ಸೆಟೆದ ಸ್ನಾಯುವಿಗೆ ಮಾತ್ರೆಗಿಂತ ಹೆಚ್ಚು ಬೇಕಾದ್ದು ದಿನಾ ಬಿಡಿಸುವ, ಮಡಚುವ, ನೀವುವ ಕೈ; ವಾರ ಬಿಟ್ಟರೆ ಕೀಲು ಮತ್ತೆ ಬಿಗಿಯುತ್ತದೆ. ಕೇಂದ್ರದ ಉಪಕಾರ ಆ ವ್ಯಾಯಾಮವೊಂದೇ ಅಲ್ಲ. ಇಪ್ಪತ್ತು ಮೂವತ್ತು ವರ್ಷ ಒಬ್ಬಳೇ ಎತ್ತಿ ಇಳಿಸಿದ ತಾಯಿಗೆ ಹಗಲಿನ ಕೆಲವು ಗಂಟೆ ಬದಲಿ ಕೈ ಸಿಗುತ್ತದೆ. ಹಾಸಿಗೆಯಿಂದ ಏಳಲಾಗದೆ ಕೇಂದ್ರದವರೆಗೂ ಬರಲಾಗದವರ ಮನೆಗಳಲ್ಲಿ ಆ ಕೈ ಈಗಲೂ ತಾಯಿಯದೇ, ಅಜ್ಜಿಯದೇ.

ಹೊಸ ಬಾಣಂತಿಯರ ಮನೆಗೆ ಇಂದು ಕಟ್ಟಳೆಯಂತೆ ಬರುವವಳು ಆಶಾ ಕಾರ್ಯಕರ್ತೆ. 2011ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆಯಲ್ಲಿ, ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3ನೇ ದಿನದಿಂದ 42ನೇ ದಿನದೊಳಗೆ 6 ಭೇಟಿ. ಕೂಸಿನ ತೂಕ, ಮೈಬಿಸಿ ನೋಡಬೇಕು. ಸಣ್ಣ ಕೂಸಾದರೆ ಎದೆಗೆ ಅಪ್ಪಿ ಹಿಡಿಯುವುದನ್ನು ತಾಯಿಗೆ ತೋರಿಸಿಕೊಡಬೇಕು. ಹಳೆಯ ನಲ್ವತ್ತು ದಿನಕ್ಕೆ ಇದು ಹತ್ತಿರದ ಲೆಕ್ಕವೇ. ಆದರೆ ಬಾಣಂತಿಯ ಬೆನ್ನು ಸೊಂಟ ನೀವುವ ಕೆಲಸ ಇದರಲ್ಲಿಲ್ಲ, ಅದಕ್ಕೆ ಮನೆಯವರೇ ಸಂಬಳದ ಆಳನ್ನು ಹುಡುಕಬೇಕು. ಆರೂ ಭೇಟಿ ಮುಗಿಸಿದ ಆಶಾಗೆ ಯೋಜನೆ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ.