ಯಂತ್ರ ಆಡಿದ ಮಾತಿಗೆ ಹೊಣೆ ಯಾರು?

ಅಂಗಡಿಗೋ ಬ್ಯಾಂಕಿಗೋ ಮೊಬೈಲಿನಲ್ಲಿ ಪ್ರಶ್ನೆ ಹಾಕಿದರೆ ಥಟ್ಟನೆ ಉತ್ತರ ಬರುತ್ತದಲ್ಲ, ಅದನ್ನು ಕೊಡುವುದು ಎಷ್ಟೋ ಸಲ ಮನುಷ್ಯರಲ್ಲ. ಚಾಟ್‌ಬಾಟ್ ಎಂಬ ಯಂತ್ರ. ಅದು ತಪ್ಪು ಹೇಳಿದರೆ ನಷ್ಟ ಯಾರಿಗೆ?

ಕೆನಡಾದಲ್ಲಿ 2022ರಲ್ಲಿ ಅಜ್ಜಿಯನ್ನು ಕಳೆದುಕೊಂಡ ಒಬ್ಬರು ಏರ್ ಕೆನಡಾ ವಿಮಾನ ಸಂಸ್ಥೆಯ ಚಾಟ್‌ಬಾಟನ್ನು ವಿಚಾರಿಸಿದರು. ಟಿಕೆಟ್ ಕೊಂಡು 90 ದಿನದೊಳಗೆ ಅರ್ಜಿ ಹಾಕಿದರೆ ಸಾವಿನ ಸಂದರ್ಭದ ರಿಯಾಯಿತಿ ಸಿಗುತ್ತದೆಂದು ಅದು ಹೇಳಿತು. ಸಂಸ್ಥೆಯ ನಿಯಮ ಬೇರೆಯೇ ಇತ್ತು, ಹಣ ಕೊಡಲಿಲ್ಲ. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಸಂಸ್ಥೆಯೇ ಹೊಣೆ ಎಂದು ತೀರ್ಮಾನಿಸಿ, ಬಡ್ಡಿ, ಖರ್ಚು ಸೇರಿ 800 ಡಾಲರಿಗೂ ಹೆಚ್ಚು ಕೊಡಿಸಿತು.

ಹಪ್ಪಳ, ಚಟ್ನಿಪುಡಿ ಮಾರುವ ನೀವೂ ವಾಟ್ಸಾಪಿನಲ್ಲಿ ಇಂಥದ್ದನ್ನು ಇಡಬೇಕೆಂದಿದ್ದೀರಾ? ಬೇಡ ಅನ್ನೋಲ್ಲ. ಆದರೆ ಇಂಥ ಯಂತ್ರ ಗೊತ್ತಿಲ್ಲದ್ದನ್ನೂ ಗೊತ್ತಿದ್ದಂತೆ ಹೇಳಿಬಿಡಬಹುದು. ಆದ್ದರಿಂದ ಬೆಲೆ, ಕಳಿಸುವ ದಿನ, ವಾಪಸು ಪಡೆಯುವ ನಿಯಮ ಮೊದಲು ಬರೆದಿಡಿ. ಅಷ್ಟನ್ನೇ ಅದು ಹೇಳಲಿ. ಮಿಕ್ಕ ಪ್ರಶ್ನೆಗಳು ನಿಮ್ಮ ಕೈಗೇ ಬರಲಿ. ಬೆಲೆ ಬದಲಾದ ದಿನವೇ ಅಲ್ಲೂ ತಿದ್ದಿ. ಹಾಂ, ಉತ್ತರ ಕೊಡುತ್ತಿರುವುದು ಯಂತ್ರ ಅಂತ ಗಿರಾಕಿಗೆ ತಿಳಿಸಿಬಿಡಿ.

ನೀವೇ ಗಿರಾಕಿಯಾದಾಗ, ಬಂದ ಉತ್ತರದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆ ಪ್ರಯಾಣಿಕರು ಸಾಕ್ಷಿಯಾಗಿ ತೋರಿಸಿದ್ದೂ ಅದನ್ನೇ.